ಮಹಾಪ್ರಾಣರ ಕಾರಿಗೆ ಮೂವರು ಬೇಕು

ನಮ್ಮ ಬಡಾವಣೆಯಲ್ಲಿ ಅವರನ್ನು ಎಲ್ಲರೂ ‘ಮಹಾಪ್ರಾಣರು’ ಎಂದೇ ಕರೆಯುತ್ತಿದ್ದರು. ಆದರೆ ಬೆನ್ನ ಹಿಂದೆ. ಎದುರಿಗೆ ಕರೆದರೆ ಆ ‘ಪ್ರಾ’ಕ್ಕೆ ಕೊಟ್ಟ ದೀರ್ಘ ಸಾಲದೆಂದು ಅಲ್ಲೇ ನಿಲ್ಲಿಸಿ ಎರಡು ಸಲ ಹೇಳಿಸುವ ಅಪಾಯವಿತ್ತು.

ವೃತ್ತಿಯಿಂದ ಅವರು ಕರಡು ತಿದ್ದುವವರು. ಹೊಳೆಯಾಚೆ ಪೇಟೆಯಲ್ಲಿರುವ ಹಳೆಯ ಮುದ್ರಣಾಲಯದಲ್ಲಿ ಮೂವತ್ತು ವರ್ಷದಿಂದ ಒಂದೇ ಮೇಜಿನ ಮುಂದೆ ಕೂತು, ಅಚ್ಚಿಗೆ ಹೋಗುವ ಪುಟಗಳಲ್ಲಿ ಜಾರಿದ ಕೊಂಬು, ತಪ್ಪಿಸಿಕೊಂಡ ಒತ್ತಕ್ಷರ, ಕರೆಯದೆ ಬಂದು ಕೂತ ಸೊನ್ನೆ ಎಲ್ಲವನ್ನೂ ಹಿಡಿದುಹಾಕುವುದು ಅವರ ಕೆಲಸ. ಕೆಲಸ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಚಟ ಮುಗಿಯುತ್ತಿರಲಿಲ್ಲ. ಒಮ್ಮೆ ಎದುರುಮನೆಯವರು ಬಾವಿಗೆ ಬಿದ್ದು “ಅಗ್ಗ ಬಿಡಿ, ಅಗ್ಗ ಬಿಡಿ” ಎಂದು ಕೂಗಿಕೊಂಡಾಗ, ಇವರು ಬಾವಿಕಟ್ಟೆಯ ಮೇಲೆ ನಿಂತು, “ಅಗ್ಗ ಎಂದರೆ ಕಡಿಮೆ ಬೆಲೆ. ತಮಗೆ ಬೇಕಾಗಿರುವುದು ಹಗ್ಗ. ಎಲ್ಲಿ, ಹೇಳಿ” ಎಂದು ಸರಿಯಾಗಿ ಹೇಳಿಸಿದ ಮೇಲೆಯೇ ಹಗ್ಗ ಇಳಿಬಿಟ್ಟರಂತೆ. ನಾನು ಕಣ್ಣಾರೆ ಕಂಡಿಲ್ಲ. ಆದರೆ ನಂಬುತ್ತೇನೆ.

ಇಂಥವರಿಗೆ ಆ ವರ್ಷ ಒಂದು ಸಂಕಟ ಬಂತು. ಹೊಳೆಯ ಸೇತುವೆಗೆ ರಿಪೇರಿ ಶುರುವಾಯಿತು. ಅರ್ಧ ಸೇತುವೆ ಮುಚ್ಚಿ, ಉಳಿದ ಅರ್ಧದಲ್ಲಿ ಗಾಡಿಗಳ ಸಂಖ್ಯೆ ಕಡಿಮೆ ಮಾಡಲು ಹೊಸ ನಿಯಮ ತಂದರು: ನಾಲ್ಕು ಜನ ಇರುವ ಕಾರಿಗೆ ಮಾತ್ರ ಸೇತುವೆ. ಅದಕ್ಕಿಂತ ಕಡಿಮೆ ಇದ್ದರೆ ಹೊಳೆಯ ದಡ ಹಿಡಿದು ಹದಿನೆಂಟು ಮೈಲಿ ಸುತ್ತಿ ಹೋಗತಕ್ಕದ್ದು. ಸೇತುವೆಯ ಬಾಯಲ್ಲಿ ಒಬ್ಬ ಪೊಲೀಸ್ ಪೇದೆ ನಿಂತು, ಕಿಟಕಿಯೊಳಗೆ ತಲೆ ಹಾಕಿ, ತಲೆ ಎಣಿಸುತ್ತಿದ್ದ.

ಸೋಮವಾರ ಮಹಾಪ್ರಾಣರ ಕಾರಿನಲ್ಲಿ ಇದ್ದದ್ದು ಒಂದೇ ತಲೆ. ಹದಿನೆಂಟು ಮೈಲಿ ಸುತ್ತಿ ಮುದ್ರಣಾಲಯ ಮುಟ್ಟುವಾಗ ಹತ್ತು ಮುಕ್ಕಾಲು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ಕುರ್ಚಿ ಖಾಲಿ ಇದ್ದುದನ್ನು ಕಂಡ ಮ್ಯಾನೇಜರರು ಬಾಗಿಲಲ್ಲೇ ತಡೆದರು.

“ಏನ್ರೀ ಇದು? ಒಂಬತ್ತೂವರೆಗೆ ಹದಿನಾರು ಪುಟಕ್ಕೆ ನಿಮ್ಮ ಸಹಿ ಬೀಳ್ಬೇಕು, ಮಷೀನು ಶುರು ಆಗ್ಬೇಕು. ಈ ವಾರ ಇನ್ನೊಂದು ದಿನ ತಡ ಆದ್ರೆ ‘ಹ’ ಅಕ್ಷರದ ಕೆಲಸ ನನ್ನ ಅಳಿಯನಿಗೆ ಕೊಟ್ಬಿಡ್ತೀನಿ.”

ಇದು ಎಂಥ ಬೆದರಿಕೆ ಎನ್ನುವುದನ್ನು ತಿಳಿಯದವರಿಗೆ ಹೇಳಬೇಕು. ಆ ಮುದ್ರಣಾಲಯ ಹನ್ನೊಂದು ವರ್ಷದಿಂದ ಒಂದು ದೊಡ್ಡ ನಿಘಂಟನ್ನು ಅಚ್ಚು ಹಾಕುತ್ತಿತ್ತು. ‘ಅ’ದಿಂದ ಹಿಡಿದು ಒಂದೊಂದು ಪದವೂ ಮಹಾಪ್ರಾಣರ ಕಣ್ಣ ಕೆಳಗೆ ಹಾದುಬಂದಿತ್ತು. ಈಗ ಕೊನೆಯ ಸಂಪುಟ, ‘ಹ’ ಅಕ್ಷರ. ಮ್ಯಾನೇಜರರ ಅಳಿಯನೋ, ‘ಅ’ಕಾರ ‘ಹ’ಕಾರಗಳ ನಡುವೆ ಯಾವ ಭೇದವನ್ನೂ ಕಾಣದ ಸಮದರ್ಶಿ. ಆತನ ಬಾಯಲ್ಲಿ ಆಕಾಶದಲ್ಲಿ ಅಕ್ಕಿ ಹಾರುತ್ತಿತ್ತು, ಅನ್ನಕ್ಕೆ ಹಕ್ಕಿ ಬೇಯುತ್ತಿತ್ತು. ಅವನ ಕೈಗೆ ‘ಹ’ ಕೊಡುವುದೆಂದರೆ ಬೆಕ್ಕಿನ ಕೈಗೆ ಮೀನಿನ ಬುಟ್ಟಿ ಕೊಟ್ಟ ಹಾಗೆ.

“ನಾನು ಬದುಕಿರುವವರೆಗೆ ಅದು ಆಗದು,” ಎಂದು ಮಹಾಪ್ರಾಣರು ಮನಸ್ಸಿನಲ್ಲೇ ಶಪಥ ಮಾಡಿದರು. ಮಂಗಳವಾರ ನಸುಕಿನಲ್ಲೇ ಎದ್ದು ಸುತ್ತುದಾರಿ ಹಿಡಿದು ಹೇಗೋ ಸಮಯಕ್ಕೆ ತಲುಪಿದರು. ಆದರೆ ಆ ದಾರಿಯಲ್ಲಿ ಈಗ ಊರಿನ ಕಾರುಗಳೆಲ್ಲ ಸೇರಿ, ಇರುವೆ ಸಾಲಾಗಿತ್ತು. ದಿನಾ ನಡೆಯುವ ಮಾತಲ್ಲ. ಬೇಕಾದದ್ದು ಮೂರು ತಲೆ. ಬಡಾವಣೆಯಿಂದ ದಿನಬೆಳಗಾದರೆ ಪೇಟೆಗೆ ಹೋಗುವವರು ಬೇಕಾದಷ್ಟು ಜನ. ಸಂಜೆ ಬಂದವರೇ ಬಾಗಿಲು ತಟ್ಟಲು ಹೊರಟರು.

ಮೊದಲ ಬಾಗಿಲು ಸಲೂನಿನವರದು. ಪೇಟೆಯಲ್ಲಿ ನಲವತ್ತು ವರ್ಷದಿಂದ ಅಂಗಡಿ.

“ಕಾರಾ? ಅಯ್ಯೋ ಬೇಡಿ ಸಾರ್. ನಂಗೆ ಕಾರು ಹತ್ತಿದ್ರೆ ವಾಂತಿ.”

“ತಾವು ಈಗಷ್ಟೇ ತಮ್ಮ ಕಾರಿನಿಂದ ಇಳಿದಿರಿ.”

“ಅದೇ ಸಾರ್, ಇಳಿದ ಮೇಲೆ ಗೊತ್ತಾಯ್ತು.”

ಎರಡನೆಯದು ನರ್ಸಮ್ಮನದು. ಆಕೆ ಸೇತುವೆಯನ್ನು ನಡೆದೇ ದಾಟುತ್ತಿದ್ದರು. “ನಡೆದ್ರೆ ಆರೋಗ್ಯಕ್ಕೆ ಒಳ್ಳೇದು ಸಾರ್,” ಎಂದರು, ನೋಯುವ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ. ಮೂರನೆಯದು ಬೀಗ ರಿಪೇರಿಯವರದು. ಅವರು ಬಾಗಿಲನ್ನೇ ತೆಗೆಯಲಿಲ್ಲ. “ಬೀಗ ಕೆಟ್ಟಿದೆ ಸಾರ್, ಒಳಗಡೆಯಿಂದ ತೆಗೆಯೋಕೆ ಆಗ್ತಿಲ್ಲ,” ಎಂಬ ಉತ್ತರ ಕಿಟಕಿಯಿಂದ ಬಂತು. ಊರಿನ ಬೀಗಗಳನ್ನೆಲ್ಲ ತೆಗೆಯುವವರ ಬಾಯಲ್ಲಿ ಈ ಮಾತು ಕೇಳಿ ಮಹಾಪ್ರಾಣರಿಗೆ ಅವರ ಮೇಲೆ ಕನಿಕರವೇ ಹುಟ್ಟಿತು.

ಮನೆಗೆ ಬಂದು ಹೆಂಡತಿಗೆ ಹೇಳಿದರು, “ಜನಕ್ಕೆ ಏನಾಗಿದೆ? ಪುಕ್ಕಟೆ ಕರೆದೊಯ್ಯುತ್ತೇನೆ ಎಂದರೂ ಬರುವುದಿಲ್ಲವಲ್ಲ!”

ಆಕೆ ಹೊಳೆಯ ಈಚೆ ದಡದ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಜನರ ಮಾತು ಕೇಳಿ ಕೇಳಿ ಪಳಗಿದ ಕಿವಿ. “ಕಾರಣ ನಂಗೆ ಗೊತ್ತು ಕಣ್ರೀ. ನಿಮ್ಮತ್ರ ಮಾತಾಡೋಕೆ ಜನ ಎದರ್ತಾರೆ.”

“ಹೆದರುತ್ತಾರೆ. ಹಕಾರ.”

ಹೆಂಡತಿ ಮಾತು ಬದಲಿಸಿದರು. “ಒಂದು ನೋಟೀಸು ಬರೆದು ಬಡಾವಣೆ ಬೋರ್ಡಿಗೆ ಅಂಟಿಸಿ. ಸ್ವಲ್ಪ ವಿನಯವಾಗಿ ಬರೀರಿ,” ಎಂದಷ್ಟೇ ಹೇಳಿ ಒಳಗೆ ಹೋದರು.

ಮಹಾಪ್ರಾಣರು ಬರೆಯಲು ಕೂತರು. ಮುದ್ರಣಾಲಯದಲ್ಲಿ ಯಾವುದೋ ಕೆಲಸದಲ್ಲಿ ಮಿಕ್ಕಿ ಬಂದಿದ್ದ ಒಳ್ಳೆಯ ದಪ್ಪ ಕಾಗದ ಮನೆಯಲ್ಲಿತ್ತು. ಸುತ್ತ ಬೆರಳಗಲದ ಕಪ್ಪು ಅಂಚು. ಅಂಚಿದ್ದರೆ ನೋಟೀಸಿಗೆ ಗಾಂಭೀರ್ಯ ಬರುತ್ತದೆಂದು ಅವರ ಅಭಿಪ್ರಾಯ. ಬರೆದದ್ದು ಹೀಗೆ:

“ನಾಳೆ ಬುಧವಾರ ಬೆಳಗ್ಗೆ ಎಂಟು ಗಂಟೆಗೆ ಆರನೆಯ ಮನೆಯಿಂದ ಹೊರಡುವ ನನ್ನ ಪ್ರಯಾಣಕ್ಕೆ ಬಂಧುಸಮಾನರಾದ ತಮ್ಮೆಲ್ಲರ ಸಾನ್ನಿಧ್ಯವನ್ನು ಕೋರುತ್ತೇನೆ. ನಾಲ್ವರು ಕೂಡದೆ ಈ ಹೊಳೆಯನ್ನು ದಾಟುವುದು ಯಾರಿಗೂ ಸಾಧ್ಯವಿಲ್ಲವೆಂಬುದು ಸರ್ವವಿದಿತ. ವಾಹನ ಸಿದ್ಧವಿದೆ. ಇದುವರೆಗೆ ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ.”

‘ಬುಧವಾರ’ ಎನ್ನುವಲ್ಲಿ ಪೆನ್ನಿನ ಶಾಯಿ ಮುಗಿದು, ತಾವು ಶಾಯಿ ತುಂಬಿಸುವಷ್ಟರಲ್ಲಿ ಆ ಒಂದು ಪದವನ್ನು ಹೆಂಡತಿಯ ಕೈಯಲ್ಲಿ ಆಕೆಯ ಪೆನ್ನಿನಿಂದ ಬರೆಸಿದರು. ನೋಟೀಸಿನಲ್ಲಿ ಒಂದೇ ಒಂದು ಅಕ್ಷರದೋಷವೂ ಇರಲಿಲ್ಲ. ಅಂಟಿಸಿ ಬಂದು ಊಟ ಮಾಡಿ, ತೃಪ್ತಿಯಿಂದ ಎಂಟು ಗಂಟೆಗೇ ದೀಪ ಆರಿಸಿದರು.

ನೋಟೀಸನ್ನು ಮೊದಲು ಓದಿದವರು ಸಲೂನಿನವರು. ಓದಿ, ಟೋಪಿ ತೆಗೆದರು. ಬೀಗ ರಿಪೇರಿಯವರನ್ನು ಕರೆದರು.

“ಮಹಾಪ್ರಾಣರ ಪ್ರಾಣ ಹೋಯ್ತು.”

“ಸಂಜೆ ತಾನೇ ಬಾಗಿಲು ತಟ್ಟಿದ್ರಲ್ಲ! ನಾನು ತೆಗೀಲೇ ಇಲ್ಲ ಕಣ್ರೀ!” ಎಂದು ಬೀಗದವರು ಹಣೆ ಹಣೆ ಬಡಿದುಕೊಂಡರು. “ಆದ್ರೆ ‘ನನ್ನ ಪ್ರಯಾಣ’ ಅಂತ ಬರ್ದಿದೆ. ಹೋದವರು ಹೇಗೆ ಬರೀತಾರೆ?”

ಅಷ್ಟು ಹೊತ್ತಿಗೆ ಬಂದ ನರ್ಸಮ್ಮ ಕಾಗದವನ್ನು ಹತ್ತಿರದಿಂದ ನೋಡಿದರು. ಸಾವು ಬದುಕಿನ ವಿಷಯದಲ್ಲಿ ಆಕೆಯ ಮಾತೇ ಕೊನೆ. “ಮೊದ್ಲೇ ಬರೆದಿಟ್ಟಿದ್ರು ಪಾಪ. ತನ್ನ ಸಾವಿನ ಕಾಗದಾನ ಬೇರೆಯವರು ಬರೆದ್ರೆ ಒತ್ತಕ್ಷರ ತಪ್ಪಾಗುತ್ತೆ ಅಂತ. ನೋಡಿ, ವಾರ ಮಾತ್ರ ಮೇಡಂ ಕೈಬರಹ. ಖಾಲಿ ಬಿಟ್ಟಿದ್ರು, ಅವರು ತುಂಬಿಸಿದ್ದಾರೆ.”

ಆರನೆಯ ಮನೆಯಲ್ಲಿ ದೀಪವೂ ಆರಿತ್ತು. ಆ ಹೊತ್ತಿನಲ್ಲಿ ಹೆಣ್ಣುಮಗಳನ್ನು ಎಬ್ಬಿಸುವುದು ಬೇಡವೆಂದು, ಆಕೆಯ ತಮ್ಮನಿಗೆ ಫೋನು ಮಾಡಿದರು, ನಗರಸಭೆಗೂ ಮಾಡಿದರು.

ಬೆಳಗ್ಗೆ ಆರೂವರೆಗೆ ಹೆಂಡತಿ ಎಂದಿನಂತೆ ಹಿತ್ತಿಲ ಬಾಗಿಲಿನಿಂದ ಬಸ್ಸಿಗೆ ಹೊರಟುಹೋದರು. ಏಳೂವರೆಗೆ ಮಹಾಪ್ರಾಣರು ಮುಂಬಾಗಿಲು ತೆರೆದಿಟ್ಟು, ಬರುವವರು ಬಂದು ಕೂರಲೆಂದು ನಾಲ್ಕು ಕುರ್ಚಿ ಹಾಕಿ, ಸ್ನಾನಕ್ಕೆ ಹೋದರು. ಮೈಗೆ ಸೋಪು ಹಚ್ಚಿ ಕಿವಿಗೊಟ್ಟರೆ, ಅಂಗಳದಲ್ಲಿ ಜನ. ಒಬ್ಬರಲ್ಲ, ಇಬ್ಬರಲ್ಲ, ಜಾತ್ರೆ. “ಅಂಚು ಹಾಕಿದ್ದು ಸಾರ್ಥಕವಾಯಿತು,” ಎಂದುಕೊಂಡರು.

ಹೊರಗೆ ಭಾವಮೈದುನನ ಗೋಳು ಕೇಳಿಸಿತು. “ಭಾವಾ, ಹೋಗ್ಬಿಟ್ರಾ ಭಾವಾ!”

“ಇನ್ನೂ ಎಂಟಾಗಿಲ್ಲ!” ಎಂದು ಇವರು ಒಳಗಿನಿಂದ ಅಂದದ್ದು ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಬೀಗ ರಿಪೇರಿಯವರು ಗಂಟಲು ಸರಿಮಾಡಿಕೊಂಡರು. ಬಡಾವಣೆಯ ಪರವಾಗಿ ಎರಡು ಮಾತಾಡುವ ಹೊಣೆ ಅವರ ಮೇಲೆ ಬಿದ್ದಿತ್ತು. “ಬಹಳ ಒಳ್ಳೆ ಮನುಷ್ಯ. ಯಾರಿಗೂ ಕೆಟ್ಟದ್ದು ಬಯಸ್ದೋರಲ್ಲ. ಯಾರಿಗೂ ಮಾತಾಡೋಕೂ ಬಿಟ್ಟೋರಲ್ಲ. ಸ್ವರ್ಗಸ್ತರಾದ ನಮ್ಮ...”

ಸ್ನಾನದ ಮನೆಯ ಕಿಟಕಿ ದಡಾರನೆ ತೆರೆಯಿತು. ಸೋಪಿನ ನೊರೆಯಿಂದ ಬೆಳ್ಳಗಾದ ಒಂದು ಮುಖ ಹೊರಬಂತು.

“ಸ್ಥ! ಸ್ವರ್ಗಸ್ಥ! ಥಕಾರ!”

ಮುಂದಿನ ಎರಡು ನಿಮಿಷ ಏನಾಯಿತು ಎಂಬುದನ್ನು ಇದ್ದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಭಾವಮೈದುನ ಮೂರ್ಛೆ ಹೋದದ್ದು ನಿಜ. ಸಲೂನಿನವರು ಕಾಂಪೌಂಡು ಹಾರಿದ್ದನ್ನು ಅವರೇ ಒಪ್ಪುವುದಿಲ್ಲ. ನರ್ಸಮ್ಮ ಮಾತ್ರ ನಿಂತಲ್ಲೇ ನಿಂತು, “ಸತ್ತಿಲ್ಲ. ಬದುಕಿದ್ದಾರೆ. ಮೊದಲಿನ ಹಾಗೇ ಇದ್ದಾರೆ,” ಎಂದು ತೀರ್ಪು ಕೊಟ್ಟರು.

ಮಹಾಪ್ರಾಣರು ಬಟ್ಟೆ ಹಾಕಿಕೊಂಡು ಹೊರಗೆ ಬಂದಾಗ ಅಂಗಳದಲ್ಲಿ ನಲವತ್ತು ಜನ, ಒಂದು ಹೂವಿನ ಚಕ್ರ, ಗೇಟಿಗೆ ಅಡ್ಡವಾಗಿ ನಗರಸಭೆಯ ಹೆಣದ ಗಾಡಿ. ಸಂಗತಿ ತಿಳಿದಾಗ ಅವರಿಗಿಂತ ಹೆಚ್ಚು ಸಿಟ್ಟಾದವರು ಬಂದವರು. ಕೆಲಸಕ್ಕೆ ರಜ ಹಾಕಿ ಬಂದಿದ್ದೇವೆ, ಇದೇನು ಆಟವೇ ಎಂದು ಗೊಣಗಿದರು. ಗಾಡಿಯ ಡ್ರೈವರಂತೂ ಜಗ್ಗಲಿಲ್ಲ.

“ಬುಕ್ ಆಗಿದೆ ಸಾಮಿ. ಖಾಲಿ ಹೋದ್ರೆ ನಾನು ಆಫೀಸಲ್ಲಿ ಉತ್ತರ ಕೊಡ್ಬೇಕು. ಪೇಟೆಗೆ ತಾನೇ? ಹಿಂದೆ ಮಲಕ್ಕೊಳ್ಳಿ. ನಮ್ ಗಾಡೀನ ಸೇತುವೆ ಮೇಲೆ ಯಾರೂ ನಿಲ್ಸಲ್ಲ.”

ಗಡಿಯಾರದಲ್ಲಿ ಎಂಟು ಹೊಡೆದಿತ್ತು. ಮಹಾಪ್ರಾಣರು ಒಂದು ಗಳಿಗೆ ನಿಜಕ್ಕೂ ಯೋಚಿಸಿದರು. ಗಾಡಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಅದರ ಮೈಮೇಲೆ ‘ಶವ ಸಾಗಾಣಿಕೆ ವಾಹನ’ ಎಂದು ಬರೆದಿತ್ತು.

“ಸಾಗಣೆ,” ಎಂದರು. “ಸಾಗಾಣಿಕೆ ಎಂದು ಬರೆದ ಗಾಡಿಯಲ್ಲಿ ನಾನು ಸತ್ತರೂ ಹೋಗುವುದಿಲ್ಲ.”

ಆಮೇಲೆ ಜನರ ಕಡೆ ತಿರುಗಿದರು. ಅವರ ದನಿ ಸ್ವಲ್ಪ ಒಡೆದಿತ್ತು. “ಸತ್ತವನನ್ನು ಕಳಿಸಿಕೊಡಲು ನಲವತ್ತು ಜನ ಬಂದಿದ್ದೀರಿ. ಬದುಕಿದ್ದವನ ಜೊತೆ ಮೂರು ಜನ ಯಾಕೆ ಬರುವುದಿಲ್ಲ? ನನ್ನ ಕಾರಿನಲ್ಲಿ ಏನು ಮುಳ್ಳಿದೆಯೆ? ಹೇಳಿ. ಇವತ್ತು ಒಂಬತ್ತೂವರೆಗೆ ನಾನು ಆ ಮೇಜಿನ ಮುಂದೆ ಕೂರದಿದ್ದರೆ ಹನ್ನೊಂದು ವರ್ಷದ ಕೆಲಸ ನೀರುಪಾಲಾಗುತ್ತದೆ.”

ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ತಪ್ಪು ಹಿಡಿಯುತ್ತಾರೆಂಬ ಭಯ. ಕೊನೆಗೆ ನರ್ಸಮ್ಮನೇ ಹೇಳಿದರು.

“ಇದೇ ಸಾರ್ ಕಾರಣ. ಬಾಯಿ ಬಿಟ್ರೆ ತಿದ್ತೀರಿ. ದಿನಕ್ಕೆ ಎಂಟು ಗಂಟೆ ದೊಡ್ಡ ಡಾಕ್ಟ್ರ ಹತ್ರ ಬೈಸ್ಕೊಳ್ತೀನಿ. ಹೋಗ್ತಾ ಬರ್ತಾ ಆದ್ರೂ ನೆಮ್ಮದಿಯಾಗಿ ತಪ್ಪು ಮಾತಾಡ್ಬೇಕು ಅನ್ಸುತ್ತೆ. ಮಂಡಿ ನೋವು ತಡ್ಕೊಬಹುದು ಸಾರ್, ನಿಮ್ಮ ವ್ಯಾಕರಣ ತಡ್ಕೊಳ್ಳೋಕಾಗಲ್ಲ.”

ಮಹಾಪ್ರಾಣರ ಮುಖ ಕೆಂಪಾಯಿತು, ಬಿಳಿಯಾಯಿತು. ಆಮೇಲೆ ಹಲ್ಲು ಕಚ್ಚಿ ಹೇಳಿದರು, “ಮುದ್ರಣಾಲಯದ ಬಾಗಿಲು ಮುಟ್ಟುವವರೆಗೆ ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಏನು ಬೇಕಾದರೂ ಮಾತಾಡಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರ ಕಾರಿಗೆ ಇನ್ನೊಬ್ಬರು ಯಾಕೆ ಹತ್ತುತ್ತಾರೆ ಎಂಬುದಕ್ಕೆ ಬಲ್ಲವರು ಸಮಯದ ಉಳಿತಾಯ, ಗಾಳಿಯ ಶುದ್ಧಿ, ನೆರೆಹೊರೆಯ ಪ್ರೀತಿ ಎಂದೆಲ್ಲ ಹೇಳುವುದುಂಟು. ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಇನ್ನೊಬ್ಬರು ಸೋಲುವುದನ್ನು ಹತ್ತಿರದ ಸೀಟಿನಿಂದ ನೋಡುವ ಆಸೆಗಿಂತ ದೊಡ್ಡ ಪ್ರೇರಣೆ ಇಲ್ಲ. ನಾಲ್ಕು ಸೀಟಿನ ಕಾರಿಗೆ ಹನ್ನೆರಡು ಜನ ಮುಗಿಬಿದ್ದರು. ನೂಕಾಟದಲ್ಲಿ ಗೆದ್ದವರು ಮೂವರು: ಮುಂದೆ ನರ್ಸಮ್ಮ, ಹಿಂದೆ ಸಲೂನಿನವರು ಮತ್ತು ಬೀಗ ರಿಪೇರಿಯವರು. ಹೆಣದ ಗಾಡಿಯನ್ನು ಜರುಗಿಸಿ ಕಾರು ಹೊರಟಿತು.

ಮೊದಲ ಮೈಲಿಯಲ್ಲಿ ಮೂವರೂ ಸೇರಿ ಆ ಮನುಷ್ಯನಿಗೆ ಕೊಟ್ಟ ಹಿಂಸೆ ದೇವರೇ ಬಲ್ಲ.

“ಇವತ್ತು ಬಾರಿ ಬಿಸ್ಲು,” ಎಂದರು ಸಲೂನಿನವರು.

“ಔದೌದು. ಅಸಿವು ಬೇರೆ ಆಗ್ತಿದೆ,” ಎಂದರು ಬೀಗದವರು.

“ಅಣ್ಣು ತಿನ್ನಿ, ಅಸಿವು ಓಗುತ್ತೆ,” ಎಂದರು ನರ್ಸಮ್ಮ.

ಮಹಾಪ್ರಾಣರ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ಹಣೆಯಿಂದ ಬೆವರು ಇಳಿಯಿತು. ತುಟಿ ಮಾತ್ರ ಅಲುಗಲಿಲ್ಲ.

ಸೇತುವೆಯ ಬಾಯಲ್ಲಿ ಪೇದೆ ಕೈ ಅಡ್ಡ ಮಾಡಿದ. ಅವನ ಹಿಂದೆ ಆಳೆತ್ತರದ ಬೋರ್ಡು: ‘ಸೇತುವೆ ದುರಸ್ಥಿಯಲ್ಲಿದೆ’. ಇರಬೇಕಾದ್ದು ತಕಾರ, ಬರೆದವನು ಬೇಡದ ಕಡೆ ಥಕಾರ ಕೆತ್ತಿ ಕೂರಿಸಿದ್ದ. ಅದನ್ನು ಕಂಡದ್ದೇ ಮಹಾಪ್ರಾಣರ ಕಣ್ಣಲ್ಲಿ ನೀರು ತುಂಬಿತು.

“ಎಷ್ಟು ಜನ?” ಎಂದ ಪೇದೆ.

ಮಹಾಪ್ರಾಣರು ನಾಲ್ಕು ಬೆರಳು ತೋರಿಸಿದರು.

“ಯಾಕ್ರೀ, ಬಾಯಿಲ್ವಾ? ಕಣ್ಣು ಯಾಕೆ ಕೆಂಪಾಗಿದೆ? ಬೆಳಗ್ಗೆ ಬೆಳಗ್ಗೆ ಹಾಕ್ಕೊಂಡಿದ್ದೀರಾ? ಇಳೀರಿ ಕೆಳಗೆ.”

ಅವರು ಬೆವರುತ್ತ ಬೋರ್ಡು ನೋಡಿದರು, ಪೇದೆಯನ್ನು ನೋಡಿದರು, ತುಟಿ ಕಚ್ಚಿದರು. ಒಂದು ಮಾತಾಡಿದ್ದರೆ ಬಿಡುಗಡೆ. ಆಡಲಿಲ್ಲ. ಬಾಗಿಲು ತೆರೆದು ಇಳಿಯಲು ಕಾಲು ಹೊರಗಿಟ್ಟರು.

ಆಗ ಕಾರಿನೊಳಗೆ ಏನೋ ತಿರುಗಿತು. ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನಪ್ಪಾ, ಕೊಟ್ಟ ಮಾತಿಗೆ ಬಾಯಿ ಕಟ್ಕೊಂಡಿದ್ದಾರೆ ಅವರು. ಕುಡಿಯೋ ಮುಖಾನಾ ಅದು? ಬೇಕಾದ್ರೆ ನನ್ನ ಕೇಳು, ನಾನು ಆಸ್ಪತ್ರೆಯವಳು,” ಎಂದರು. “ನಮ್ಮ ಸಾರ್‌ನ ಇಳಿಸಿದ್ರೆ ನಾವೂ ಇಳೀತೀವಿ, ಇಲ್ಲೇ ಕೂರ್ತೀವಿ,” ಎಂದರು ಹಿಂದಿನವರಿಬ್ಬರೂ. ಪೇದೆ ನಾಲ್ಕು ತಲೆಯನ್ನೂ ಇನ್ನೊಂದು ಸಲ ಎಣಿಸಿ ಕೈ ಸರಿಸಿದ.

ಸೇತುವೆಯ ಮೇಲೆ ಗಾಡಿಗಳು ಇರುವೆಯ ಹಾಗೆ ಸರಿಯುತ್ತಿದ್ದವು. ಈಗ ಯಾರಿಗೂ ಬೇಕೆಂದೇ ತಪ್ಪಾಡುವ ಮನಸ್ಸಿರಲಿಲ್ಲ. ಬರೀ ಮಾತು ಶುರುವಾಯಿತು. ತಿದ್ದುವವರು ಸುಮ್ಮನಿದ್ದರೆ ಮಾತು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಸಲೂನಿನವರು ತಮ್ಮ ನಲವತ್ತು ವರ್ಷದ ತಲೆಗಳ ಕಥೆ ಹೇಳತೊಡಗಿದರು.

“ಒಬ್ರಿಗೆ ಮದುವೆ ದಿನ. ಐದು ಸಲ ಬಾಚಿದ್ದೀನಿ, ನೀರು ಹಚ್ಚಿದ್ದೀನಿ, ಎಣ್ಣೆ ಹಚ್ಚಿದ್ದೀನಿ. ಒಂದು ಹಟಗೂದ್ಲು ಎದ್ದು ನಿಂತಿದ್ದು ನಿಂತೇ ಇದೆ. ಕತ್ತರಿಸಿದ್ರೆ ಇನ್ನೂ ನೆಟ್ಟಗೆ. ಕೊನೆಗೆ ಹಾಗೇ ಕಳಿಸ್ದೆ. ಹೆಣ್ಣು ಅದನ್ನೇ ನೋಡಿ ನಕ್ಕುಬಿಟ್ಳಂತೆ. ಈಗ್ಲೂ ಬಂದಾಗೆಲ್ಲ ಹೇಳ್ತಾರೆ, ಎಲ್ಲಾ ತೆಗೀರಿ, ಅದೊಂದು ಬಿಡಿ ಅಂತ.”

ಬೀಗದವರು ನಕ್ಕರು. ನರ್ಸಮ್ಮ ನಕ್ಕರು. ಮಹಾಪ್ರಾಣರು ಗಕ್ಕನೆ ಬ್ರೇಕು ಹಾಕಿದರು. ಜೇಬಿನಿಂದ ಪೆನ್ನು ತೆಗೆದು ಅಂಗಿಯ ತೋಳಿನ ಮೇಲೆ ಏನೋ ಬರೆದುಕೊಂಡರು.

“ಬರ್ಕೊಳ್ತಿದ್ದಾರೆ ನೋಡಿ!” ಸಲೂನಿನವರು ಗಾಬರಿಯಾದರು. “ಬಾಯಲ್ಲಿ ಅನ್ದೆ ಲೆಕ್ಕ ಇಟ್ಕೊಂಡು ಆಮೇಲೆ ಒಟ್ಟಿಗೆ ತಿದ್ತಾರೆ!” ಅಲ್ಲಿಂದ ಮುದ್ರಣಾಲಯದವರೆಗೆ ಕಾರಿನಲ್ಲಿ ಯಾರೂ ಉಸಿರೆತ್ತಲಿಲ್ಲ.

ಒಂಬತ್ತು ಇಪ್ಪತ್ತೈದಕ್ಕೆ ಬಾಗಿಲು ಮುಟ್ಟಿತು. ಮಹಾಪ್ರಾಣರು ಹಿಂದಕ್ಕೆ ತಿರುಗಿ ಬಾಯಿ ತೆರೆದರು. ಮೂವರೂ ಕಣ್ಣು ಮುಚ್ಚಿಕೊಂಡರು.

“ಆ ಪದ ಇನ್ನೊಂದು ಸಲ ಹೇಳಿ.”

“ಹಠ ಅಂತ್ಲೇ ಹೇಳ್ತೀನಿ ಬಿಡಿ ಸಾರ್. ಹ... ಠ... ಗೂ...”

“ಬೇಡ, ಬೇಡ. ಹಟವೂ ಸರಿಯೇ. ನೀವು ಹೇಗೆ ಹೇಳುತ್ತಿದ್ದಿರೋ ಹಾಗೆ.”

“ಹಟಗೂದ್ಲು.”

“ಎಲ್ಲರೂ ಹೀಗೆಯೇ ಅನ್ನುತ್ತಾರೆಯೆ?”

“ಇನ್ನೇನಂತಾರೆ ಸಾರ್ ಅದಕ್ಕೆ?”

ಮಹಾಪ್ರಾಣರು ಒಳಗೆ ಓಡಿದರು. ಮೇಜಿನ ಮೇಲೆ ಅಂದಿನ ಹದಿನಾರು ಪುಟಗಳು ಸಹಿಗೆ ಕಾದಿದ್ದವು: ಹಚ್ಚಡದಿಂದ ಹಡಗಿನವರೆಗೆ. ಹಟ ಇತ್ತು. ಹಟಮಾರಿ ಇದ್ದ. ಹಟಗೂದಲು ಇರಲಿಲ್ಲ. ಹನ್ನೊಂದು ವರ್ಷ, ಇಪ್ಪತ್ತು ಪಂಡಿತರು. ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

“ಮಷೀನು ಶುರು ಮಾಡಬೇಡಿ,” ಎಂದರು.

ಮ್ಯಾನೇಜರರು ಓಡಿಬಂದರು. “ಏನ್ರೀ, ಬರದಿದ್ರೆ ತೊಂದ್ರೆ ಅನ್ಕೊಂಡ್ರೆ, ಬಂದ್ರೂ ತೊಂದ್ರೇನಾ? ಒಂದು ಪದ ಸೇರಿಸಿದ್ರೆ ಹದಿನಾರು ಪುಟಾನೂ ಜರುಗುತ್ತೆ! ಆಗಲ್ಲ. ಸಹಿ ಹಾಕಿ, ಇಲ್ಲಾಂದ್ರೆ ಅಳಿಯನ ಕೈಲಿ ಹಾಕಿಸ್ತೀನಿ.”

“ಹಾಕಿಸಿ. ಆದರೆ ಈ ಪದ ಸೇರಿದ ಮೇಲೆ,” ಎಂದು ಮಹಾಪ್ರಾಣರು ಪುಟಗಳ ಮೇಲೆ ಎರಡೂ ಕೈ ಊರಿ ನಿಂತರು.

“ಯಾವ ಕವಿ ಬಳಸಿದ್ದಾನೆ ಇದನ್ನ? ಆಧಾರ ಎಲ್ಲಿ?”

ಮಹಾಪ್ರಾಣರು ‘ಆಧಾರ’ ಎಂಬ ಕಡೆ ಸ್ಪಷ್ಟವಾಗಿ ಬರೆದರು: ಆಡುಮಾತು, ಹಿಂದಿನ ಸೀಟು.

ಅಕ್ಷರ ಜೋಡಿಸುವವರೆಲ್ಲ ಕೆಲಸ ಬಿಟ್ಟು ಸುತ್ತ ನೆರೆದಿದ್ದರು. ಮ್ಯಾನೇಜರರು ಸಿಟ್ಟಿನಲ್ಲಿ ಆ ಕಾಗದವನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದರು: “ಹಟಗೂದಲು. ಎಷ್ಟು ಬಾಚಿದರೂ ಕೂರದೆ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುವ ಕೂದಲು.” ಓದಿ ತಲೆ ಎತ್ತಿದರೆ, ಎಲ್ಲರ ಕಣ್ಣೂ ಅವರ ತಲೆಯ ಮೇಲೆ. ಅಲ್ಲಿ, ಎಣ್ಣೆ ಹಚ್ಚಿ ಮಟ್ಟಸವಾಗಿ ಬಾಚಿದ ಕೂದಲಿನ ನಡುವೆ, ಒಂದು ಎಸಳು ಸಲಾಮು ಹೊಡೆಯುವ ಹಾಗೆ ನಿಂತಿತ್ತು.

ಮ್ಯಾನೇಜರರ ಕೈ ತಾನಾಗಿ ಅಲ್ಲಿಗೆ ಹೋಯಿತು. ಅವರು ಬೈಯಲು ಬಾಯಿ ತೆರೆದರು. ಬೈಯಲಿಲ್ಲ.

“ನಮ್ಮಮ್ಮ ಹೀಗೇ ಅಂತಿದ್ರು,” ಎಂದರು, ಬಹಳ ಮೆಲ್ಲಗೆ. “ಸ್ಕೂಲಿಗೆ ಹೊರಡೋವಾಗ. ‘ನಿನ್ನ ಹಟಗೂದ್ಲು ಮಲಗಲ್ಲ ಕಣೋ’ ಅಂತ. ಐವತ್ತು ವರ್ಷ ಆಯ್ತು, ಈ ಪದ ಕೇಳಿ.” ಆಮೇಲೆ ಮುಖ ಗಂಟಿಕ್ಕಿಕೊಂಡು, “ಏನ್ ನೋಡ್ತಾ ನಿಂತಿದ್ದೀರಿ? ಜೋಡ್ಸಿ. ಪುಟ ಜರುಗ್ಸಿ. ಇದು ನಾಳೆ ಬೆಳಗ್ಗೆ ಹೋಗ್ಲಿ ಮಷೀನಿಗೆ,” ಎಂದರು.

ಸಂಜೆ ಐದಕ್ಕೆ ಮಹಾಪ್ರಾಣರು ಹೊರಗೆ ಬಂದರೆ, ಯಾರೂ ಕರೆಯದೆ ಮೂವರೂ ಕಾರಿಗೆ ಒರಗಿಕೊಂಡು ನಿಂತಿದ್ದರು. ಮಹಾಪ್ರಾಣರ ಕೈಯಲ್ಲಿ ಇನ್ನೂ ಶಾಯಿ ಒಣಗದ ಕರಡು ಪುಟ. ಅದನ್ನು ಸಲೂನಿನವರ ಕೈಗೆ ಕೊಟ್ಟರು.

ಸಲೂನಿನವರು ಬೆರಳಿಟ್ಟು ಓದಿದರು. ತಮ್ಮ ಪದವನ್ನು ಅಚ್ಚಿನಲ್ಲಿ ಕಂಡು ಮುಖ ಊರಗಲವಾಯಿತು. ಮತ್ತೊಂದು ಸಲ ಓದಿದರು. ಮುಖ ಸ್ವಲ್ಪ ಚಿಕ್ಕದಾಯಿತು. ಮೂರನೆಯ ಸಲ ಓದಿ, ತಲೆ ಕೆರೆದುಕೊಂಡರು.

“ಸಾರ್, ಬೇಜಾರು ಮಾಡ್ಕೋಬೇಡಿ. ಇದು ತಪ್ಪು.”

“ಎಲ್ಲಿ?” ಮಹಾಪ್ರಾಣರು ಕನ್ನಡಕ ಏರಿಸಿದರು. “ಒಂದು ಅಕ್ಷರವೂ ತಪ್ಪಿಲ್ಲ.”

“ಅಕ್ಷರ ಸರಿ ಇದೆ ಸಾರ್. ಜಾಗ ತಪ್ಪು. ನೆತ್ತಿ ಅಲ್ಲ, ಸುಳಿ. ಸುಳಿ ಇರೋ ಕಡೆ ಮಾತ್ರ ಹಟಗೂದ್ಲು ಏಳೋದು. ನೆತ್ತಿ ಮೇಲಿಂದು ಬಾಚಿದ್ರೆ ಕೂರುತ್ತೆ.”

“ಹೌದು ಸಾರ್,” ಎಂದರು ನರ್ಸಮ್ಮ. “ಹುಟ್ಟಿದ ಮಕ್ಕಳ ತಲೇಲೇ ನೋಡಿದ್ದೀನಿ. ಸುಳಿ ಹತ್ರಾನೇ.”

ಬೀಗದವರು ಉಸಿರು ಬಿಗಿಹಿಡಿದು ಮಹಾಪ್ರಾಣರ ಮುಖ ನೋಡಿದರು. ಆ ಮುಖದಲ್ಲಿ ಏನೇನೋ ಬಂದು ಹೋಯಿತು. ಅವರು ಪುಟವನ್ನು ಇಸಿದುಕೊಂಡರು, ಇನ್ನೊಮ್ಮೆ ಓದಿದರು, ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಮ್ಯಾನೇಜರರು ಮುದ್ರಣಾಲಯದ ದೊಡ್ಡ ಬಾಗಿಲು ಎಳೆದು ಬೀಗ ಹಾಕುತ್ತಿದ್ದರು. ಮಹಾಪ್ರಾಣರು ಓಡಿಹೋಗಿ ಅವರ ಕೈ ಹಿಡಿದರು.

“ಬೀಗ ಹಾಕಬೇಡಿ. ತಪ್ಪಾಗಿದೆ.”

“ಮತ್ತೆ ತಪ್ಪಾ? ಯಾರ್ದ್ರೀ ಈ ಸಲ?”

ಮೂವತ್ತು ವರ್ಷದಲ್ಲಿ ಮಹಾಪ್ರಾಣರ ಬಾಯಿಂದ ಬಾರದ ಪದವೊಂದು ಬರಬೇಕಾಗಿತ್ತು.

“ನನ್ನದು,” ಎಂದರು. ಆಮೇಲೆ ಹಿಂದೆ ತಿರುಗಿ ಕೈ ಬೀಸಿದರು. “ಬನ್ರೀ, ಮೂವರೂ ಬನ್ನಿ. ಇನ್ನೂ ಏನೇನು ತಪ್ಪಿದೆಯೋ, ಒಳಗೆ ಕೂತು ನೋಡೋಣ.”